ಕಮಲಾ ಸೊಹೋನಿ: ರಸಾಯನಶಾಸ್ತ್ರದ ಒಬ್ಬ ವಿದ್ಯಾರ್ಥಿನಿಯ ಜೀವನಚರಿತ್ರೆ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವನ್ನಾಗಿ ಆರಿಸಿಕೊಂಡು ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಗಾಗಿ ಓದುವ ಹೆಣ್ಣುಮಕ್ಕಳು ಇಂದು ಯಾರ ಗಮನವನ್ನೂ ವಿಶೇಷವಾಗಿ ಸೆಳೆಯುವುದಿಲ್ಲ. ಬೆಳಗಿನ ಲೋಕಲ್ ರೈಲಿನಲ್ಲಿ ಅವರು ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಎದೆಗವಚಿಕೊಂಡು ನಿಂತಿರುವ ದೃಶ್ಯ ಅತ್ಯಂತ ಸಹಜವಾದುದು. ಅವರಲ್ಲಿ ಕನ್ನಡ ಮನೆಮಾತಿನವರೂ ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಸ್ನಾತಕ ಪದವಿಯ ಅನಂತರ ಸಂಶೋಧನೆಗೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸುವಾಗ ತಾವು ಹೆಣ್ಣೆಂಬ ಕಾರಣಕ್ಕೆ ಅದು ತಿರಸ್ಕೃತವಾದೀತೆಂಬ ಶಂಕೆ ಅವರಿಗೆ ಉಂಟಾಗುವುದಿಲ್ಲ. ಆದರೆ 1933ರಲ್ಲಿ ಇದೇ ವಿಶ್ವವಿದ್ಯಾಲಯದ ಪದವಿಯನ್ನು ಕೈಯಲ್ಲಿ ಹಿಡಿದು ಅದೇ ಸಂಸ್ಥೆಯ ಬಾಗಿಲಿಗೆ ಹೋದ ಇಪ್ಪತ್ತೆರಡರ ಹರೆಯದ ಯುವತಿಯೊಬ್ಬರಿಗೆ ದೊರೆತ ಉತ್ತರ ಬೇರೆಯೇ ಆಗಿತ್ತು. ಆ ಉತ್ತರವನ್ನು ಒಪ್ಪಿಕೊಳ್ಳದೆ ನಿಂತ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಿಂದ ಪ್ರಸಿದ್ಧರಾದವರು, ಭಾರತದಲ್ಲಿ ಜೀವರಸಾಯನಶಾಸ್ತ್ರದ ಬೆಳವಣಿಗೆಗೆ ಸಲ್ಲಿಸಿದ ಸೇವೆ ಸ್ಮರಣೀಯವಾದುದು.

ಕಮಲಾ ಅವರು ಜನಿಸಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ಬೆಂಗಳೂರಿನ ವಿಜ್ಞಾನ ಸಂಸ್ಥೆ ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಪಾಠ ಆರಂಭಿಸಿದ್ದೂ 1911ರಲ್ಲಿಯೇ ಎಂಬುದು ಒಂದು ಯೋಗಾಯೋಗ. ಜೆಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದ ರೂಪುಗೊಂಡು, ಮೈಸೂರು ಸಂಸ್ಥಾನ ನೀಡಿದ 371 ಎಕರೆ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಸ್ವತಃ ರಸಾಯನಶಾಸ್ತ್ರಜ್ಞರಾಗಿದ್ದರು. ಸಾಮಾನ್ಯ ರಸಾಯನಶಾಸ್ತ್ರ, ಅನ್ವಯಿಕ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಶಾಸ್ತ್ರಗಳಿಂದ ಅಲ್ಲಿನ ಬೋಧನೆ ಮೊದಲಾಯಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಬೆಂಗಳೂರಿನ ಜನ ಕರೆಯುತ್ತಿದ್ದ ಆ ವಿದ್ಯಾಕೇಂದ್ರದಿಂದ ಹೊರಬಂದ ರಸಾಯನಶಾಸ್ತ್ರದ ಮೊದಮೊದಲ ಪದವೀಧರರಲ್ಲಿ ಕಮಲಾ ಅವರ ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ಸೇರಿದ್ದರು. ಹೀಗೆ ರಸಾಯನಶಾಸ್ತ್ರವೆಂಬುದು ಆ ಕುಟುಂಬಕ್ಕೆ ಪರಕೀಯವಾದ ವಿದ್ಯೆಯಾಗಿರಲಿಲ್ಲ. ಬೆಂಗಳೂರೂ ಆ ಮನೆಗೆ ಅಪರಿಚಿತವಾದ ಊರಾಗಿರಲಿಲ್ಲ.

ಆ ಮನೆಯ ವಾತಾವರಣದ ಬಗೆಗೆ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ಶ್ರೇಷ್ಠ ಲೇಖಕಿ, ಜಾನಪದ ವಿದ್ವಾಂಸೆ. 1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ತುರ್ತುಪರಿಸ್ಥಿತಿಯನ್ನು ನಿರ್ಭಯವಾಗಿ ವಿರೋಧಿಸಿದವರು. ಒಬ್ಬ ಸಹೋದರಿ ಸಾಹಿತ್ಯದಲ್ಲಿ, ಇನ್ನೊಬ್ಬ ಸಹೋದರಿ ವಿಜ್ಞಾನದಲ್ಲಿ ತಮ್ಮ ಕಾರ್ಯಕ್ಷೇತ್ರವನ್ನು ಕಂಡುಕೊಂಡರೂ, ಅನ್ಯಾಯವೆಂದು ತೋರಿದುದರ ಎದುರು ಮೌನವಾಗಿರಲೊಲ್ಲದ ಸ್ವಭಾವ ಇಬ್ಬರಿಗೂ ಸಮಾನವಾಗಿತ್ತು.

ಕಮಲಾ ಅವರು ಓದಿದ ಕಾಲದಲ್ಲಿ ಮುಂಬಯಿ ಪ್ರಾಂತದ ಸ್ತ್ರೀಶಿಕ್ಷಣಕ್ಕೆ ಅರ್ಧ ಶತಮಾನದ ಇತಿಹಾಸವಿತ್ತು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ತನ್ನ ಪದವಿಗಳನ್ನು ಮಹಿಳೆಯರಿಗೆ ತೆರೆದದ್ದು 1883ರಲ್ಲಿ. ಅದೇ ವರ್ಷ, ಇಂದಿನ ಠಾಣೆ ಜಿಲ್ಲೆಯ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ ಎಂಬ ಹದಿನೆಂಟರ ಯುವತಿ ವೈದ್ಯಶಿಕ್ಷಣಕ್ಕಾಗಿ ಅಮೆರಿಕಕ್ಕೆ ಹಡಗು ಹತ್ತಿದರು. ಒಂಬತ್ತನೆಯ ವಯಸ್ಸಿನಲ್ಲಿ ವಿವಾಹವಾಗಿ, ಹದಿನಾಲ್ಕರಲ್ಲಿ ಹೆತ್ತ ಶಿಶುವನ್ನು ಕೆಲವೇ ದಿನಗಳಲ್ಲಿ ಕಳೆದುಕೊಂಡಿದ್ದ ಆಕೆ, ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಎಂ.ಡಿ. ಪದವಿ ಪಡೆದು ಹಿಂದಿರುಗಿದರು. ಆದರೆ ಕ್ಷಯರೋಗ ಅವರನ್ನು 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ವರ್ಷ ತುಂಬುವ ಮೊದಲೇ ಬಲಿ ತೆಗೆದುಕೊಂಡಿತು. ಕಲಿತ ವಿದ್ಯೆಯನ್ನು ಪ್ರಯೋಗಿಸುವ ಅವಕಾಶವೇ ಅವರಿಗೆ ದೊರೆಯಲಿಲ್ಲ. ಆನಂದಿಬಾಯಿಯವರ ಪೀಳಿಗೆಗೆ ವಿಜ್ಞಾನವನ್ನು ಕಲಿಯಲು ಸಮುದ್ರ ದಾಟಬೇಕಾಗಿತ್ತು. ಕಮಲಾ ಅವರ ಪೀಳಿಗೆಗೆ ಮುಂಬಯಿಯಲ್ಲಿಯೇ ವಿಜ್ಞಾನದ ಪದವಿ ಲಭ್ಯವಿತ್ತು. ಪದವಿಯ ಮುಂದಿನ ಹೆಜ್ಜೆ, ಎಂದರೆ ಸಂಶೋಧನೆ, ಇನ್ನೂ ಲಭ್ಯವಿರಲಿಲ್ಲ. ಪದವಿ ಪಡೆದ ಹೆಣ್ಣು ಅಧ್ಯಾಪಕಿಯಾಗಬಹುದಿತ್ತು, ಗೃಹಿಣಿಯಾಗಬಹುದಿತ್ತು. ಹೊಸ ಜ್ಞಾನವನ್ನು ಸೃಷ್ಟಿಸುವ ಸಂಶೋಧಕಿಯಾಗಬಹುದೆಂಬ ಕಲ್ಪನೆ ವಿದ್ಯಾವಂತ ಪುರುಷರಿಗೂ ಸುಲಭವಾಗಿ ಒಗ್ಗಿರಲಿಲ್ಲ.

ಕಮಲಾ ಅವರು ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವನ್ನಾಗಿಯೂ ಭೌತಶಾಸ್ತ್ರವನ್ನು ಪೂರಕ ವಿಷಯವನ್ನಾಗಿಯೂ ಓದಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅಗ್ರಶ್ರೇಣಿಯಲ್ಲಿ ತೇರ್ಗಡೆಯಾದರು. ತಂದೆ ಮತ್ತು ಚಿಕ್ಕಪ್ಪ ಓದಿದ ಸಂಸ್ಥೆಯಲ್ಲಿಯೇ ಸಂಶೋಧನೆ ಮುಂದುವರಿಸಬೇಕೆಂಬ ಅವರ ಬಯಕೆ ಸ್ವಾಭಾವಿಕವಾಗಿತ್ತು. ಅಂಕಗಳ ಯೋಗ್ಯತೆಯಲ್ಲಿ ಅವರಿಗೆ ಪ್ರವೇಶ ದೊರೆಯದಿರಲು ಯಾವ ಕಾರಣವೂ ಇರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಮೂರು ವರ್ಷಗಳ ಹಿಂದೆಯಷ್ಟೇ ನೊಬೆಲ್ ಪ್ರಶಸ್ತಿ ಪಡೆದು ದೇಶದ ಕೀರ್ತಿಯನ್ನು ಜಗತ್ತಿನಲ್ಲಿ ಎತ್ತಿ ಹಿಡಿದಿದ್ದ ಸರ್ ಸಿ. ವಿ. ರಾಮನ್. ಹೆಣ್ಣುಮಕ್ಕಳನ್ನು ಸಂಸ್ಥೆಗೆ ಸೇರಿಸಿಕೊಳ್ಳುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಹಳೆಯ ವಿದ್ಯಾರ್ಥಿಗಳಾದ ತಂದೆ ಹಾಗೂ ಚಿಕ್ಕಪ್ಪನವರ ಮನವಿಯೂ ಫಲಿಸಲಿಲ್ಲ.

ಕಮಲಾ ಅವರು ಬೆಂಗಳೂರಿಗೆ ಹೋಗಿ ರಾಮನ್ ಅವರನ್ನು ಮುಖತಃ ಕಂಡರು. ತಮ್ಮ ಅರ್ಜಿಯನ್ನು ನಿರಾಕರಿಸಿದುದಕ್ಕೆ ಕಾರಣ ಕೇಳಿದರು. ಪ್ರವೇಶ ದೊರೆಯುವವರೆಗೆ ಸತ್ಯಾಗ್ರಹ ಹೂಡುವುದಾಗಿ ತಿಳಿಸಿದರು. ಅದು ಗಾಂಧೀಯುಗ. ಉಪ್ಪಿನ ಸತ್ಯಾಗ್ರಹ ನಡೆದು ಮೂರೇ ವರ್ಷಗಳಾಗಿದ್ದವು. ವಿದೇಶಿ ಆಳ್ವಿಕೆಯ ವಿರುದ್ಧ ರೂಪುಗೊಂಡ ಅಸ್ತ್ರವೊಂದನ್ನು ಸ್ವದೇಶಿ ವಿಜ್ಞಾನದ ಅತ್ಯುನ್ನತ ಕೇಂದ್ರದ ಎದುರು, ಅದರ ಭಾರತೀಯ ನಿರ್ದೇಶಕರ ಎದುರೇ ಬಳಸಬೇಕಾಗಿ ಬಂದದ್ದು ವಿಪರ್ಯಾಸವೇ ಸರಿ. ಆಕೆಯ ಹಟವನ್ನು ಕಂಡು ರಾಮನ್ ಮಣಿದರು. ಆದರೆ ಷರತ್ತುಗಳಿಲ್ಲದೆ ಅಲ್ಲ. ಮೊದಲ ವರ್ಷ ಕಮಲಾ ನಿಯಮಿತ ವಿದ್ಯಾರ್ಥಿನಿಯೆಂದು ಪರಿಗಣಿತರಾಗುವುದಿಲ್ಲ; ಆ ಅವಧಿಯ ಕೆಲಸದ ಗುಣಮಟ್ಟ ನಿರ್ದೇಶಕರಿಗೆ ತೃಪ್ತಿಕರವೆನಿಸಿದರೆ ಮಾತ್ರ ಅದಕ್ಕೆ ಮಾನ್ಯತೆ; ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು; ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು. ಕೊನೆಯ ಷರತ್ತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಗಂಡು ವಿದ್ಯಾರ್ಥಿಗಳ ಏಕಾಗ್ರತೆಗೆ ಭಂಗ ಬಂದರೆ ಅದರ ಹೊಣೆ ಹೆಣ್ಣಿನದೆಂಬ ಪೂರ್ವಗ್ರಹವೇ ಅಲ್ಲಿ ನಿಯಮದ ರೂಪ ತಾಳಿತ್ತು.

ಈ ಷರತ್ತುಗಳಿಗೆ ಕಮಲಾ ಒಪ್ಪಿದರು. ಒಪ್ಪಿಕೊಂಡದ್ದು ಅಪಮಾನವನ್ನು ನುಂಗಿಕೊಂಡು. ಆರು ದಶಕಗಳ ಅನಂತರ, 1997ರಲ್ಲಿ, ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಏರ್ಪಡಿಸಿದ್ದ ತಮ್ಮ ಸನ್ಮಾನ ಸಮಾರಂಭದಲ್ಲಿ ಮಾತನಾಡುತ್ತ ಅವರು ಈ ಪ್ರಸಂಗವನ್ನು ನೆನೆದರು. ರಾಮನ್ ಅವರ ವೈಜ್ಞಾನಿಕ ಹಿರಿಮೆಯನ್ನು ಒಪ್ಪಿಕೊಂಡೇ, ಈ ವಿಷಯದಲ್ಲಿ ಅವರದು ಸಂಕುಚಿತ ದೃಷ್ಟಿಯಾಗಿತ್ತೆಂದೂ, ಆ ನಡವಳಿಕೆಯನ್ನು ತಮಗೆ ಎಂದಿಗೂ ಮರೆಯಲಾಗಲಿಲ್ಲವೆಂದೂ ಹೇಳಿದರು. ನವಿ ಮುಂಬಯಿಯ ವಾಶಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಆ ಸಂಘ 1973ರಲ್ಲಿ ಹುಟ್ಟಿಕೊಂಡದ್ದು, ಇಂಥ ಅನುಭವಗಳನ್ನು ಒಬ್ಬೊಬ್ಬರೇ ಎದುರಿಸಬೇಕಾಗಿದ್ದ ಮಹಿಳೆಯರಿಗೆ ಒಂದು ಸಾಮೂಹಿಕ ಧ್ವನಿಯನ್ನು ಒದಗಿಸುವ ಅಗತ್ಯವನ್ನು ಸೂಚಿಸುತ್ತದೆ.

ಬೆಂಗಳೂರಿನಲ್ಲಿ ಕಮಲಾ ಅವರಿಗೆ ದೊರೆತ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಶಿಸ್ತಿನ ವಿಷಯದಲ್ಲಿ ಕಠಿಣರಾಗಿದ್ದರೂ ಕಲಿಯುವ ಆಸಕ್ತಿಯುಳ್ಳವರಿಗೆ ಧಾರಾಳವಾಗಿ ಕಲಿಸುವ ಅಧ್ಯಾಪಕರು ಅವರಾಗಿದ್ದರು. ಶುದ್ಧ ರಸಾಯನಶಾಸ್ತ್ರದ ಪದವೀಧರೆಯಾಗಿದ್ದ ಕಮಲಾ ಅವರು ಜೀವರಸಾಯನಶಾಸ್ತ್ರದತ್ತ ಹೊರಳಿದ್ದು ಇಲ್ಲಿಯೇ. ಆ ಹೊಸ ಶಾಸ್ತ್ರದ ಮುಖ್ಯ ಗ್ರಂಥಗಳನ್ನೂ ಸಂಶೋಧನ ಪತ್ರಿಕೆಗಳನ್ನೂ ಓದಿ ಅರಗಿಸಿಕೊಳ್ಳುವಂತೆ, ವಿದೇಶದ ವಿಜ್ಞಾನಿಗಳೊಡನೆ ಪತ್ರವ್ಯವಹಾರ ಬೆಳೆಸುವಂತೆ ಶ್ರೀನಿವಾಸಯ್ಯನವರು ಆಕೆಯನ್ನು ಪ್ರೇರೇಪಿಸಿದರು. ಬೆಂಗಳೂರಿನ ಒಬ್ಬ ಅಧ್ಯಾಪಕರ ಈ ಔದಾರ್ಯವಿಲ್ಲದಿದ್ದರೆ ಸತ್ಯಾಗ್ರಹದಿಂದ ತೆರೆದ ಬಾಗಿಲು ಒಂದೇ ವರ್ಷದಲ್ಲಿ ಮತ್ತೆ ಮುಚ್ಚಿಹೋಗುವ ಸಂಭವವಿತ್ತು.

ಅಲ್ಲಿ ಕಮಲಾ ಅವರು ಕೈಗೊಂಡ ಅಧ್ಯಯನ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತದ್ದು. ವಿಷಯ ಸರಳವಾಗಿ ತೋರಿದರೂ ಅದರ ವ್ಯಾಪ್ತಿ ದೊಡ್ಡದು. ಮಾಂಸಾಹಾರ ದುರ್ಲಭವಾದ ಅಥವಾ ನಿಷಿದ್ಧವಾದ ಕೋಟ್ಯಂತರ ಕುಟುಂಬಗಳಿಗೆ ತೊಗರಿ, ಹೆಸರು, ಕಡಲೆ, ಅವರೆ, ಹುರುಳಿಗಳೇ ಪ್ರೋಟೀನಿನ ಮುಖ್ಯ ಆಧಾರ. ಒಂದು ಆಹಾರಪದಾರ್ಥದಲ್ಲಿರುವ ಪ್ರೋಟೀನನ್ನು ಅಳೆಯುವ ಸಾಮಾನ್ಯ ಕ್ರಮವೆಂದರೆ ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು. ಆದರೆ ಕಾಳಿನಲ್ಲಿರುವ ಸಾರಜನಕವೆಲ್ಲವೂ ಪ್ರೋಟೀನಿಗೆ ಸೇರಿದುದಲ್ಲ. ಪ್ರೋಟೀನೇತರ ಸಾರಜನಕವನ್ನು ಬೇರ್ಪಡಿಸಿ ಲೆಕ್ಕ ಹಾಕದಿದ್ದರೆ ಆಹಾರದ ನಿಜವಾದ ಪೋಷಣಮೌಲ್ಯ ತಿಳಿಯುವುದಿಲ್ಲ. ಬಡವರ ಊಟವನ್ನು ಕುರಿತ ಲೆಕ್ಕಾಚಾರವೆಲ್ಲ ತಪ್ಪುದಾರಿ ಹಿಡಿಯುತ್ತದೆ. ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ಕಲಿತ ತೂಗುವಿಕೆ, ಅನುಮಾಪನ, ಬಟ್ಟಿ ಇಳಿಸುವಿಕೆಗಳೇ ಇಲ್ಲಿ ಒಂದು ದೇಶದ ಹಸಿವಿನ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳಾದವು.

ಒಂದು ವರ್ಷದ ಪರೀಕ್ಷಾವಧಿ ಮುಗಿದಾಗ ರಾಮನ್ ಅವರು ಕಮಲಾ ಅವರ ಕೆಲಸದಿಂದ ತೃಪ್ತರಾಗಿದ್ದರು. ಅವರನ್ನು ನಿಯಮಿತ ವಿದ್ಯಾರ್ಥಿನಿಯಾಗಿ ಒಪ್ಪಿಕೊಂಡರು. 1936ರಲ್ಲಿ ಕಮಲಾ ತಮ್ಮ ಸಂಶೋಧನೆಗಾಗಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪದವಿಯನ್ನು ವಿಶೇಷ ಶ್ರೇಣಿಯೊಡನೆ ಪಡೆದರು. ಅದಕ್ಕಿಂತ ಹಿರಿದಾದ ಫಲವೆಂದರೆ, ಆ ಬಳಿಕ ಸಂಸ್ಥೆ ಹೆಣ್ಣುಮಕ್ಕಳಿಗೆ ಪ್ರವೇಶ ನೀಡಲು ಆರಂಭಿಸಿದ್ದು. ರಾಮನ್ ಅವರ ಸ್ವಂತ ಪ್ರಯೋಗಶಾಲೆಗೇ ಮುಂದೆ ಮಹಿಳೆಯರು ಬಂದರು. 1940ರಲ್ಲಿ ಸೇರಿದ ಅನ್ನಾ ಮಾಣಿ ಅಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಧ್ಯಯನ ಮಾಡಿ, ಮುಂದೆ ಭಾರತದ ಹವಾಮಾನ ವಿಜ್ಞಾನದಲ್ಲಿ ದೊಡ್ಡ ಹೆಸರಾದರು. ಆದರೆ ದಾರಿ ತೆರೆದೊಡನೆ ಎಲ್ಲವೂ ಸುಗಮವಾಯಿತೆಂದು ಭಾವಿಸುವಂತಿಲ್ಲ. ಅನ್ನಾ ಮಾಣಿಯವರು 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ, ಅವರಲ್ಲಿ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣ ಮುಂದುಮಾಡಿ, ಡಾಕ್ಟರೇಟ್ ನಿರಾಕರಿಸಲಾಯಿತು. ಕಮಲಾ ಅವರ ಗೆಲುವು ಪ್ರವೇಶದ ಗೆಲುವಾಗಿತ್ತು. ಸಮಾನತೆಯ ಗೆಲುವು ಇನ್ನೂ ದೂರವಿತ್ತು.

1937ರಲ್ಲಿ ವಿದ್ಯಾರ್ಥಿವೇತನದ ನೆರವಿನಿಂದ ಕಮಲಾ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಡ್ಜಿನ ನ್ಯೂನಹ್ಯಾಮ್ ಕಾಲೇಜಿಗೆ ಸೇರಿದರು. ಅಲ್ಲಿನ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಜೀವಸತ್ತ್ವಗಳನ್ನು ಕುರಿತ ಸಂಶೋಧನೆಗಾಗಿ 1929ರ ನೊಬೆಲ್ ಪ್ರಶಸ್ತಿ ಪಡೆದಿದ್ದ ಸರ್ ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್. ಪ್ರಯೋಗಶಾಲೆಯಲ್ಲಿ ಸ್ಥಳಾವಕಾಶವಿರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ತಮ್ಮ ಮೇಜನ್ನು ಹಗಲು ಹೊತ್ತಿನಲ್ಲಿ ಕಮಲಾ ಅವರಿಗೆ ಬಿಟ್ಟುಕೊಟ್ಟು, ತಾವು ರಾತ್ರಿಯಲ್ಲಿ ಕೆಲಸ ಮಾಡಲು ಒಪ್ಪಿಕೊಂಡರು. ಬೆಂಗಳೂರಿನಲ್ಲಿ ಹೆಣ್ಣೆಂಬ ಕಾರಣಕ್ಕೆ ರಾತ್ರಿಯ ದುಡಿಮೆಯ ಷರತ್ತನ್ನು ಹೊತ್ತಿದ್ದವರಿಗೆ ಕೇಂಬ್ರಿಡ್ಜಿನಲ್ಲಿ ಒಬ್ಬ ಸಹೋದ್ಯೋಗಿ ತನ್ನ ಹಗಲನ್ನು ಬಿಟ್ಟುಕೊಟ್ಟ ಸಂಗತಿ ಗಮನಾರ್ಹವಾದುದು. ಹಾಗೆಂದು ಕೇಂಬ್ರಿಡ್ಜ್ ಸ್ತ್ರೀಸಮಾನತೆಯ ತವರಾಗಿತ್ತೆಂದು ತಿಳಿಯಬಾರದು. ಆ ವಿಶ್ವವಿದ್ಯಾಲಯ ಮಹಿಳೆಯರನ್ನು ಪುರುಷರಿಗೆ ಸಮನಾಗಿ ಪೂರ್ಣ ಸದಸ್ಯತ್ವಕ್ಕೂ ಪದವಿಗೂ ಸೇರಿಸಿಕೊಂಡದ್ದು 1948ರಲ್ಲಿ. ಭಾರತೀಯ ವಿಶ್ವವಿದ್ಯಾಲಯಗಳು ಈ ಒಂದು ವಿಷಯದಲ್ಲಿ ಅದಕ್ಕಿಂತ ಆರು ದಶಕಗಳಷ್ಟು ಮುಂದಿದ್ದವು.

ರಿಕ್ಟರ್ ಅವರೊಡನೆ ಕೆಲವು ಕಾಲ ಕೆಲಸ ಮಾಡಿದ ಬಳಿಕ ಕಮಲಾ ಅವರು ಸಸ್ಯ ಜೀವರಸಾಯನಶಾಸ್ತ್ರಜ್ಞ ರಾಬಿನ್ ಹಿಲ್ ಅವರ ಬಳಿ ಸಂಶೋಧನೆ ಮುಂದುವರಿಸಿದರು. ದ್ಯುತಿಸಂಶ್ಲೇಷಣೆಯ ಅಧ್ಯಯನದಲ್ಲಿ ಇಂದಿಗೂ ಹಿಲ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಕ್ರಿಯೆಯನ್ನು ಅವರು ಕಂಡುಹಿಡಿದದ್ದು ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಕಮಲಾ ಅವರು ಎತ್ತಿಕೊಂಡ ಪ್ರಶ್ನೆ ಸಸ್ಯಗಳ ಉಸಿರಾಟಕ್ಕೆ ಸಂಬಂಧಿಸಿದುದಾಗಿತ್ತು. ಜೀವಕೋಶದೊಳಗೆ ಆಹಾರ ಉತ್ಕರ್ಷಣಗೊಂಡು ಶಕ್ತಿ ಬಿಡುಗಡೆಯಾಗುವಾಗ ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ಕೈದಾಟಿಸಲ್ಪಟ್ಟು ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಈ ಸರಪಳಿಯಲ್ಲಿ ಕಬ್ಬಿಣದ ಅಂಶವುಳ್ಳ ಸೈಟೊಕ್ರೋಮ್ ಎಂಬ ಪ್ರೋಟೀನುಗಳ ಪಾತ್ರವಿದೆಯೆಂಬುದನ್ನು ಕೇಂಬ್ರಿಡ್ಜಿನವರೇ ಆದ ಡೇವಿಡ್ ಕೈಲಿನ್ 1925ರಲ್ಲಿ ತೋರಿಸಿಕೊಟ್ಟಿದ್ದರು. ಪ್ರಾಣಿಗಳ ಸ್ನಾಯು ಮತ್ತು ಯೀಸ್ಟ್‌ಗಳಲ್ಲಿ ಅದು ಚೆನ್ನಾಗಿ ಪರಿಚಿತವಾಗಿತ್ತು. ಮೇಲ್ವರ್ಗದ ಸಸ್ಯಗಳಲ್ಲಿ ಈ ವ್ಯವಸ್ಥೆಯ ಸ್ಥಾನ ಇನ್ನೂ ಸ್ಪಷ್ಟವಾಗಬೇಕಾಗಿತ್ತು. ಆಲೂಗೆಡ್ಡೆಯ ಅಂಗಾಂಶಗಳ ಮೇಲೆ ಕೆಲಸ ಮಾಡಿದ ಕಮಲಾ ಅವರು ಅಲ್ಲಿ ಸೈಟೊಕ್ರೋಮ್ ಸಿ ಇರುವುದನ್ನು ಗುರುತಿಸಿ, ಸಸ್ಯಕೋಶಗಳ ಉತ್ಕರ್ಷಣ ಕ್ರಿಯೆಯಲ್ಲಿ ಅದು ಪಾಲ್ಗೊಳ್ಳುವುದನ್ನು ತೋರಿಸಿದರು. ಹೂಬಿಡುವ ಸಸ್ಯಗಳಲ್ಲಿ ಸೈಟೊಕ್ರೋಮ್ ಆಕ್ಸಿಡೇಸ್ ಕಿಣ್ವವನ್ನು ಕುರಿತು ಹಿಲ್ ಮತ್ತು ಕಮಲಾ ಅವರು ಜೊತೆಯಾಗಿ ಬರೆದ ಲೇಖನ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಸಿರಾಟದ ಮೂಲಯಂತ್ರ ಪ್ರಾಣಿಗಳಲ್ಲಿಯೂ ಸಸ್ಯಗಳಲ್ಲಿಯೂ ಒಂದೇ ಬಗೆಯದೆಂಬ ತಿಳಿವಳಿಕೆಗೆ ಇಂಥ ಸಂಶೋಧನೆಗಳು ಬಲ ನೀಡಿದವು.

ಕೇವಲ 14 ತಿಂಗಳ ಸಂಶೋಧನೆಯ ಬಳಿಕ ಕಮಲಾ ಅವರು ಸಲ್ಲಿಸಿದ ಪಿಎಚ್.ಡಿ. ಮಹಾಪ್ರಬಂಧದ ಗಾತ್ರ ಬೆರಳಚ್ಚಿನ 40 ಪುಟಗಳು. ನೂರಾರು ಪುಟಗಳ ವಿಸ್ತಾರವನ್ನೇ ಪಾಂಡಿತ್ಯದ ಅಳತೆಗೋಲೆಂದು ಬಗೆಯುವವರಿಗೆ ಇದು ಅಚ್ಚರಿಯ ವಿಷಯ. ಹೇಳಬೇಕಾದುದು ಖಚಿತವಾಗಿದ್ದರೆ 40 ಪುಟಗಳು ಸಾಕಾಗುತ್ತವೆ ಎಂಬುದನ್ನು ಆ ಪ್ರಬಂಧ ತೋರಿಸಿಕೊಟ್ಟಿತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಕಮಲಾ ಅವರನ್ನು ಅನೇಕರು ಬಣ್ಣಿಸುವುದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1931ರಲ್ಲಿಯೇ ಡಾಕ್ಟರೇಟ್ ನೀಡಿತ್ತೆಂಬುದನ್ನು ನೆನೆದರೆ ಈ ಮಾತನ್ನು ಎಚ್ಚರಿಕೆಯಿಂದ ಬಳಸುವುದು ಉಚಿತ. ಮೊದಲಿಗರಲ್ಲಿ ಒಬ್ಬರೆಂದು ಹೇಳಿದರೆ ಕಮಲಾ ಅವರ ಹಿರಿಮೆ ಕಿಂಚಿತ್ತೂ ಕುಗ್ಗುವುದಿಲ್ಲ.

1939ರಲ್ಲಿ ಯುರೋಪಿನಲ್ಲಿ ಯುದ್ಧದ ಕಾರ್ಮೋಡ ಕವಿದಿದ್ದಾಗ ಕಮಲಾ ಅವರು ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಆಗತಾನೇ ಆರಂಭವಾಗಿದ್ದ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಬಳಿಕ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾಗಿ ಜೀವಸತ್ತ್ವಗಳ ಪರಿಣಾಮವನ್ನು ಕುರಿತು ಸಂಶೋಧನೆ ನಡೆಸಿದರು. 1947ರಲ್ಲಿ ವಿಮಾಗಣಕರಾಗಿದ್ದ ಎಂ. ವಿ. ಸೊಹೋನಿ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನಶಾಸ್ತ್ರ ವಿಭಾಗ ಆರಂಭವಾದಾಗ ಅದರ ಪ್ರಾಧ್ಯಾಪಕಿಯ ಹುದ್ದೆ ಅವರದಾಯಿತು. ಪದವಿ ಪಡೆದ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕಿಯಾಗಿ ಮರಳಿದ ಅವರ ಕೈಕೆಳಗೆ ಸಂಶೋಧಕರ ಹೊಸ ಪೀಳಿಗೆಯೊಂದು ಬೆಳೆಯಿತು.

ಮುಂಬಯಿಯ ಈ ಎರಡು ದಶಕಗಳು ಕಮಲಾ ಅವರ ಜೀವನದ ಅತ್ಯಂತ ಫಲಪ್ರದ ಕಾಲ. ಅವರು ಮತ್ತು ಅವರ ವಿದ್ಯಾರ್ಥಿಗಳು ಆರಿಸಿಕೊಂಡ ವಿಷಯಗಳೆಲ್ಲ ಸಾಮಾನ್ಯ ಜನರ ಆಹಾರಕ್ಕೆ ಸಂಬಂಧಿಸಿದವು: ಬೇಳೆಕಾಳುಗಳ ಪ್ರೋಟೀನುಗಳು, ಧಾನ್ಯದ ಹಿಟ್ಟು, ನೀರಾ. ಕನ್ನಡಿಗರಿಗೆ ವಿಶೇಷವಾಗಿ ಕುತೂಹಲಕರವಾದ ಒಂದು ಸಂಶೋಧನೆ ಅವರೆಕಾಳನ್ನು ಕುರಿತದ್ದು. ಹಸಿಯ ಕಾಳುಗಳಲ್ಲಿ, ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವದ ಕೆಲಸವನ್ನು ತಡೆಯುವ ವಸ್ತುಗಳಿರುತ್ತವೆ. ಕಾಳಿನಲ್ಲಿ ಪ್ರೋಟೀನು ಎಷ್ಟೇ ಇದ್ದರೂ ಈ ಪ್ರತಿಬಂಧಕಗಳಿರುವವರೆಗೆ ಅದು ದೇಹಕ್ಕೆ ಪೂರ್ತಿಯಾಗಿ ದಕ್ಕುವುದಿಲ್ಲ. ಕಮಲಾ ಅವರು ತಮ್ಮ ಸಹಸಂಶೋಧಕರೊಡನೆ ಅವರೆ ಮತ್ತು ಡಬಲ್ ಬೀನ್ ಕಾಳುಗಳಿಂದ ಈ ಪ್ರತಿಬಂಧಕಗಳನ್ನು ಸ್ಫಟಿಕರೂಪದಲ್ಲಿ ಬೇರ್ಪಡಿಸಿದರು. ಆ ವರದಿ 1955ರಲ್ಲಿ ನೇಚರ್‌ನಲ್ಲಿ ಬೆಳಕು ಕಂಡಿತು. ಕಾಳನ್ನು ನೆನೆಸಿ, ಚೆನ್ನಾಗಿ ಬೇಯಿಸಿ ತಿನ್ನಬೇಕೆಂಬ ನಮ್ಮ ಅಡುಗೆಮನೆಗಳ ಪರಂಪರಾಗತ ವಿವೇಕದ ಹಿಂದಿರುವ ರಸಾಯನಶಾಸ್ತ್ರ ಇಂಥ ಸಂಶೋಧನೆಗಳಿಂದ ನಿಚ್ಚಳವಾಯಿತು.

ನೀರಾ ಕುರಿತ ಸಂಶೋಧನೆ ಕಮಲಾ ಅವರಿಗೆ ದೇಶವ್ಯಾಪಿ ಖ್ಯಾತಿ ತಂದಿತು. ಮುಂಬಯಿಯಿಂದ ಠಾಣೆಯ ಕಡಲಂಚಿನವರೆಗೂ, ಕೆಳಗೆ ನಮ್ಮ ಕರಾವಳಿಯುದ್ದಕ್ಕೂ ತಾಳೆ, ತೆಂಗುಗಳಿಂದ ಇಳಿಸುವ ಈ ಸಿಹಿರಸ ಹುಳಿಯುವ ಮುನ್ನ ನೀರಾ, ಹುಳಿತರೆ ಸೇಂದಿ. ಮದ್ಯಪಾನ ನಿಷೇಧದ ಆ ದಿನಗಳಲ್ಲಿ ನೀರಾವನ್ನು ಪೌಷ್ಟಿಕ ಪಾನೀಯವಾಗಿ ಬಳಸಬಹುದೇ ಎಂಬುದು ವೈಜ್ಞಾನಿಕ ಪ್ರಶ್ನೆಯಷ್ಟೇ ಆಗಿರದೆ ಸಾಮಾಜಿಕ ಪ್ರಶ್ನೆಯೂ ಆಗಿತ್ತು. ಅಂದಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯಿಂದ ಕಮಲಾ ಅವರು ಈ ಕೆಲಸವನ್ನು ಕೈಗೆತ್ತಿಕೊಂಡರು. ನೀರಾ, ತಾಳೆಬೆಲ್ಲಗಳಲ್ಲಿ ಜೀವಸತ್ತ್ವಗಳೂ ಕಬ್ಬಿಣದ ಅಂಶವೂ ಇದ್ದು, ಅವುಗಳನ್ನು ಆಹಾರದಲ್ಲಿ ಸೇರಿಸಿದಾಗ ಬುಡಕಟ್ಟು ಸಮುದಾಯಗಳ ಅಪೌಷ್ಟಿಕ ಕಿಶೋರರ ಹಾಗೂ ಗರ್ಭಿಣಿಯರ ಆರೋಗ್ಯ ಸುಧಾರಿಸುತ್ತದೆಂದು ಆ ಅಧ್ಯಯನಗಳು ತೋರಿಸಿದವು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಲಭಿಸಿತು. ಮುಂಬಯಿಗೆ ಹಾಲು ಪೂರೈಸುತ್ತಿದ್ದ ಆರೆ ಹಾಲು ಯೋಜನೆಗೂ ಹಾಲಿನ ಗುಣಮಟ್ಟದ ವಿಷಯದಲ್ಲಿ ಅವರು ಸಲಹೆಗಾರ್ತಿಯಾಗಿದ್ದರು.

ಇಷ್ಟೆಲ್ಲ ಸಾಧನೆಯ ಅನಂತರವೂ ಸಂಸ್ಥೆಯ ನಿರ್ದೇಶಕ ಪದವಿ ಅವರಿಗೆ ಸಕಾಲದಲ್ಲಿ ದೊರೆಯಲಿಲ್ಲ. ಅರ್ಹತೆಯಿದ್ದೂ ನಾಲ್ಕು ವರ್ಷಗಳ ಕಾಲ ಅವರನ್ನು ಆ ಸ್ಥಾನದಿಂದ ದೂರವಿಡಲಾಯಿತು. ಕೊನೆಗೂ ಆ ಹುದ್ದೆ ಕೈಸೇರಿದಾಗ ಅಷ್ಟು ದೊಡ್ಡ ವಿಜ್ಞಾನ ಸಂಸ್ಥೆಯೊಂದರ ನೇತೃತ್ವ ವಹಿಸಿದ ಮೊದಲ ಮಹಿಳೆಯರ ಸಾಲಿಗೆ ಅವರು ಸೇರಿದರು. 1933ರಲ್ಲಿ ಬಾಗಿಲಲ್ಲಿ ಎದುರಾದ ಅಡ್ಡಿ ಮೂರು ದಶಕಗಳ ಬಳಿಕ ಮೇಲಿನ ಮೆಟ್ಟಿಲಿನಲ್ಲಿ ಬೇರೆ ರೂಪದಲ್ಲಿ ಎದುರಾಯಿತೆಂಬುದನ್ನು ಜೀವನಚರಿತ್ರಕಾರರು ಕಡೆಗಣಿಸುವಂತಿಲ್ಲ. ಮೊದಲನೆಯದಕ್ಕೆ ಒಬ್ಬ ವ್ಯಕ್ತಿಯ ಹೆಸರಿತ್ತು, ಆದುದರಿಂದ ಅದು ಜನಜನಿತವಾಯಿತು. ಎರಡನೆಯದು ಕಡತಗಳ ನಡುವೆ ನಡೆದುದರಿಂದ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಮಹಿಳೆಯರ ಉನ್ನತಿಗೆ ಒಡ್ಡಿದ ತಡೆಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವೇ.

1969ರಲ್ಲಿ ನಿವೃತ್ತರಾದ ಮೇಲೂ ಕಮಲಾ ಅವರು ಸುಮ್ಮನಿರಲಿಲ್ಲ. 1966ರಲ್ಲಿ ಮುಂಬಯಿಯ ಒಂಬತ್ತು ಮಂದಿ ಮಹಿಳೆಯರು ಕೂಡಿ ಸ್ಥಾಪಿಸಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಕಾರ್ಯದಲ್ಲಿ ಅವರು ತೊಡಗಿಕೊಂಡರು. 1982-83ರಲ್ಲಿ ಅದರ ಅಧ್ಯಕ್ಷೆಯಾಗಿದ್ದರು. ಸಂಘದ ಕೀಮತ್ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯನ್ನು ಕುರಿತು ಲೇಖನಗಳನ್ನು ಬರೆದರು. ಅರಿಸಿನಕ್ಕೆ ಬಣ್ಣ, ಬೇಳೆಗೆ ಕೇಸರಿಬೇಳೆ, ಎಣ್ಣೆಗೆ ಅಗ್ಗದ ಎಣ್ಣೆ ಬೆರೆಸುವ ಮಾರುಕಟ್ಟೆಯಲ್ಲಿ ರಸಾಯನಶಾಸ್ತ್ರ ಬಲ್ಲವರ ಜವಾಬ್ದಾರಿ ಪ್ರಯೋಗಶಾಲೆಯ ಗೋಡೆಗಳೊಳಗೆ ಮುಗಿಯುವುದಿಲ್ಲ. ಮರಾಠಿಯಲ್ಲಿ ಎಳೆಯ ವಿದ್ಯಾರ್ಥಿಗಳಿಗಾಗಿ ಅವರು ವಿಜ್ಞಾನ ಪುಸ್ತಕಗಳನ್ನೂ ರಚಿಸಿದರು. ದೇಶಭಾಷೆಯಲ್ಲಿ ವಿಜ್ಞಾನವನ್ನು ಹೇಳಬೇಕೆಂಬ ಈ ಕಾಳಜಿಗೆ ಕನ್ನಡದಲ್ಲಿಯೂ ದೀರ್ಘ ಪರಂಪರೆಯಿದೆ. ಬೆಂಗಳೂರಿನಿಂದ 1918ರಷ್ಟು ಹಿಂದೆಯೇ ವಿಜ್ಞಾನ ಎಂಬ ಕನ್ನಡ ಪತ್ರಿಕೆಯನ್ನು ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಪ್ರಯತ್ನ ಈ ಸಂದರ್ಭದಲ್ಲಿ ನೆನಪಾಗುತ್ತದೆ.

ಅವರ ಸಾಧನೆಗೆ ಸಲ್ಲಬೇಕಾದ ಮನ್ನಣೆ ತಡವಾಗಿ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಮಹಾನಿರ್ದೇಶಕರಾದ ಮೊದಲ ಮಹಿಳೆ ಡಾ. ಜಿ. ವಿ. ಸತ್ಯವತಿಯವರು ಕಮಲಾ ಅವರ ಜೀವನ ವೃತ್ತಾಂತವನ್ನು ತಿಳಿದು, ಹೊಸದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಡಿಸಲು ಕಾರಣರಾದರು. ಆ ಸಮಾರಂಭದಲ್ಲಿಯೇ ಕಮಲಾ ಅವರು ಕುಸಿದರು. ಸ್ವಲ್ಪ ಕಾಲದಲ್ಲಿಯೇ, 1998ರಲ್ಲಿ, ನಿಧನ ಹೊಂದಿದರು.

ಕಮಲಾ ಸೊಹೋನಿ ಅವರ ಜೀವನವನ್ನು ರಾಮನ್ ಅವರೊಡನೆ ನಡೆದ ಸಂಘರ್ಷಕ್ಕಷ್ಟೇ ಸೀಮಿತಗೊಳಿಸಿ ನೋಡುವ ಪ್ರವೃತ್ತಿ ಇತ್ತೀಚೆಗೆ ಹೆಚ್ಚಾಗಿದೆ. ಆ ಪ್ರಸಂಗ ಮುಖ್ಯವಾದುದೇ. ಆದರೆ ಅದರ ಮಹತ್ತ್ವ ತಿಳಿಯುವುದು ಮುಂದಿನ ಮೂವತ್ತೈದು ವರ್ಷಗಳ ಕೆಲಸವನ್ನು ಅದರ ಪಕ್ಕದಲ್ಲಿರಿಸಿದಾಗ. ಒಬ್ಬ ಹೆಣ್ಣುಮಗಳಿಗೆ ಬಾಗಿಲು ಮುಚ್ಚಿದ್ದರೆ ನಷ್ಟ ಆಕೆಗೆ ಮಾತ್ರ ಆಗುತ್ತಿರಲಿಲ್ಲ. ಆಲೂಗೆಡ್ಡೆಯ ಕೋಶದಲ್ಲಿನ ಸೈಟೊಕ್ರೋಮ್, ಅವರೆಕಾಳಿನ ಪ್ರತಿಬಂಧಕ, ಬುಡಕಟ್ಟಿನ ಗರ್ಭಿಣಿಯ ಬಟ್ಟಲಿನ ನೀರಾ, ಇವುಗಳನ್ನು ಕುರಿತ ತಿಳಿವಳಿಕೆಯೂ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು. ಠಾಣೆ, ಕಲ್ಯಾಣಗಳ ಕಾಲೇಜುಗಳಲ್ಲಿ ಇಂದು ರಸಾಯನಶಾಸ್ತ್ರದ ಪದವಿಗೆ ಹೆಸರು ನೋಂದಾಯಿಸುವ ವಿದ್ಯಾರ್ಥಿನಿಯರು ತಮಗೆ ಸಹಜವೆಂಬಂತೆ ದೊರೆತಿರುವ ಹಕ್ಕಿನ ಹಿಂದೆ ಷರತ್ತುಗಳ ಒಂದು ವರ್ಷವಿತ್ತೆಂಬುದನ್ನು ಅರಿತಿರುವುದು ಒಳ್ಳೆಯದು. ಅವರಿಗೆ ಪಾಠ ಹೇಳುವವರೂ, ಅವರ ಮುಂದಿನ ಮೆಟ್ಟಿಲುಗಳನ್ನು ನಿರ್ಧರಿಸುವ ಸ್ಥಾನದಲ್ಲಿರುವವರೂ ಅದನ್ನು ಅರಿತಿರುವುದು ಇನ್ನೂ ಅಗತ್ಯವಾದುದು.